ಗಿಡ್ಡ ಟೊಮೇಟೊಗೆ ಎಷ್ಟು ಲೀಟರ್ ಕುಂಡ ಬೇಕು? ನೇರ ದೊಡ್ಡದಕ್ಕೆ ನೆಡಬೇಕಾ, ಹಂತ ಹಂತವಾಗಿ ಬದಲಿಸಬೇಕಾ?

ಕಿಟಕಿತೋಟ:

ಎಲ್ಲರಿಗೂ ನಮಸ್ಕಾರ. ಕುಂಡದಲ್ಲಿ ಗಿಡ್ಡ ಟೊಮೇಟೊ ಬೆಳೆಸುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ಬೀಜದ ಪೊಟ್ಟಣದ ಮೇಲೆ ಡಿಟರ್ಮಿನೇಟ್ ಎಂದಿದೆ. ಎರಡೂವರೆ, ಮೂರು ಅಡಿಗೆ ಬೆಳವಣಿಗೆ ನಿಲ್ಲುತ್ತದಂತೆ. ಸಸಿ ನೆಟ್ಟು 65ರಿಂದ 70 ದಿನಕ್ಕೆ ಹಣ್ಣು ಎಂದೂ ಬರೆದಿದ್ದಾರೆ. ಸಸಿಗಳು ಸದ್ಯ ಪೇಪರ್ ಲೋಟದಲ್ಲಿವೆ. ಎರಡು ನಿಜವಾದ ಎಲೆ ಬಂದು ಮೂರನೆಯದು ಬಿಚ್ಚಿಕೊಳ್ಳುತ್ತಿದೆ. ಇವತ್ತು ಬೆಳಿಗ್ಗೆ ಒಂದು ಲೋಟ ಎತ್ತಿ ನೋಡಿದೆ. ತಳದ ತೂತಿನಲ್ಲಿ ಬಿಳಿ ಬೇರಿನ ತುದಿ ಇಣುಕುತ್ತಿತ್ತು. ಬೇಗ ತೀರ್ಮಾನ ಮಾಡಬೇಕು.

ನನ್ನ ಹತ್ತಿರ 5 ಲೀಟರಿನ ಬಕೆಟ್‌ಗಳಿವೆ, 10 ಲೀಟರಿನ ಕಪ್ಪು ಪ್ಲಾಸ್ಟಿಕ್ ಕುಂಡಗಳಿವೆ, 20 ಲೀಟರಿನ ಗ್ರೋ ಬ್ಯಾಗ್‌ಗಳೂ (ಗಿಡ ಬೆಳೆಸುವ ಚೀಲ) ಇವೆ. ಜಾಗ ಬಾಲ್ಕನಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಳ್ಳೆ ಬಿಸಿಲು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ಕತ್ತಲಾದ ಮೇಲೆ. ದಿನಕ್ಕೆ ಒಂದು ಸಲ ನೀರು ಹಾಕುವುದು ಖಾತ್ರಿ, ಎರಡು ಸಲ ಎಂದು ಮಾತು ಕೊಡಲಾರೆ.

ಕೇಳಿದವರೆಲ್ಲ ಒಂದೊಂದು ಥರ ಹೇಳುತ್ತಾರೆ. ಲೋಟದಿಂದ ಸಣ್ಣ ಕುಂಡ, ಅಲ್ಲಿಂದ ಮಧ್ಯದ್ದು, ಕೊನೆಗೆ ದೊಡ್ಡದು ಅಂತ ಒಬ್ಬರು. ನೇರ ದೊಡ್ಡದಕ್ಕೇ ನೆಟ್ಟುಬಿಡಿ ಅಂತ ಇನ್ನೊಬ್ಬರು. ದೊಡ್ಡ ಕುಂಡದಲ್ಲಿ ಸಣ್ಣ ಸಸಿ ಇಟ್ಟರೆ ಕೊಳೆತು ಹೋಗುತ್ತೆ ಅಂತ ಮತ್ತೊಬ್ಬರು. ಗಿಡವೇ ಗಿಡ್ಡ ಅಲ್ವಾ, 5 ಲೀಟರ್ ಧಾರಾಳ ಅನ್ನುವವರೂ ಇದ್ದಾರೆ. ಯಾರ ಮಾತು ಹಿಡಿಯಲಿ?

ಹಳೇಕುಂಡ:

ಕಿಟಕಿತೋಟ ಅವರೇ, ಲೋಟ ಎತ್ತಿ ತಳ ನೋಡಿದ್ದೀರಲ್ಲ, ಅದು ತುಂಬಾ ಒಳ್ಳೆ ಅಭ್ಯಾಸ. ಬೇರು ಇಣುಕಿದೆ ಎಂದರೆ ಈ ವಾರದೊಳಗೆ ನೆಡಿ. ಎಲ್ಲಿಗೆ ಅಂತ ಕೇಳಿದರೆ, ನೇರ 20 ಲೀಟರಿಗೆ. ನಿಮ್ಮ ಗಿಡದ ಸ್ವಭಾವ ಅರ್ಥವಾದರೆ ಮುಂದೆ ಯಾವ ಗಿಡಕ್ಕಾದರೂ ನೀವೇ ಲೆಕ್ಕ ಹಾಕಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟೊಮೇಟೊ ಹಗಲಿನ ಉದ್ದ ನೋಡಿಕೊಂಡು ಹೂ ಬಿಡುವ ಗಿಡ ಅಲ್ಲ. ಇಷ್ಟು ಎಲೆ ಆದ ಮೇಲೆ ಹೂಗೊಂಚಲು ಎಂಬುದು ಅದರ ಒಳಗಿನ ಲೆಕ್ಕ. ಬಳ್ಳಿಯಂತೆ ಉದ್ದ ಹೋಗುವ ಜಾತಿ ಮೂರು ಎಲೆ, ಒಂದು ಗೊಂಚಲು, ಮತ್ತೆ ಮೂರು ಎಲೆ, ಒಂದು ಗೊಂಚಲು, ಹೀಗೆ ಬೆಳೆಯುತ್ತಲೇ ಇರುತ್ತದೆ. ಗಿಡ್ಡ ಜಾತಿಯಲ್ಲಿ ಗೊಂಚಲುಗಳ ನಡುವಿನ ಎಲೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಕಾಂಡದ ತುದಿಯೇ ಹೂಗೊಂಚಲಾಗಿ ನಿಂತುಬಿಡುತ್ತದೆ. ಈ ಗುಣ 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿ ಕಾಣಿಸಿಕೊಂಡಿತು. ಇವತ್ತು ಯಂತ್ರದಲ್ಲಿ ಕೊಯ್ಯುವ ಸಾಸ್ ಟೊಮೇಟೊ ಬೆಳೆ ನಿಂತಿರುವುದೇ ಈ ಗುಣದ ಮೇಲೆ. ಹಣ್ಣು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ ಎಂಬುದು ಅವರಿಗೆ ಬೇಕಾದದ್ದು.

ನಮಗೆ ಇದರಿಂದ ಏನು? ಉದ್ದ ಜಾತಿಯ ಗಿಡ ಸಣ್ಣ ಕುಂಡದಲ್ಲಿ ಎರಡು ವಾರ ಸೊರಗಿದರೂ, ದೊಡ್ಡದಕ್ಕೆ ಬದಲಿಸಿದ ಮೇಲೆ ಚೇತರಿಸಿಕೊಂಡು ಮುಂದುವರಿಯುತ್ತದೆ. ಅದಕ್ಕೆ ಸಮಯ ಇದೆ. ಗಿಡ್ಡ ಜಾತಿಗೆ ಆ ಸಮಯ ಇಲ್ಲ. ಎಲೆ ಬಿಟ್ಟು ಮೈ ತುಂಬಿಕೊಳ್ಳಬೇಕಾದ ಮೊದಲ ನಾಲ್ಕೈದು ವಾರದಲ್ಲಿ ಬೇರು ಇಕ್ಕಟ್ಟಾದರೆ, ಗಿಡ ಇದ್ದಷ್ಟರಲ್ಲೇ ಹೂ ಬಿಟ್ಟು ನಾಲ್ಕು ಕಾಯಿ ಹಿಡಿದು ಕೆಲಸ ಮುಗಿಸುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಕಳೆದ ವಾರಗಳು ವಾಪಸ್ ಬರುವುದಿಲ್ಲ.

ಇದು ಟೊಮೇಟೊಗೆ ಮಾತ್ರ ಅಲ್ಲ. ಹೂಕೋಸು, ಬ್ರೊಕೊಲಿ ಬೆಳೆಸಿದವರನ್ನು ಕೇಳಿ. ಸಸಿ ಟ್ರೇಯಲ್ಲೇ ಜಾಸ್ತಿ ದಿನ ಉಳಿದು ಬೇರು ಸುತ್ತಿಕೊಂಡರೆ, ಆಮೇಲೆ ಎಂಥ ಒಳ್ಳೆ ಪಾತಿಗೆ ನೆಟ್ಟರೂ ಗುಂಡಿಯಷ್ಟು ಸಣ್ಣ ಹೂ ಕಟ್ಟಿ ನಿಂತುಬಿಡುತ್ತದೆ. ಬೆಳೆಗಾರರು ಇದನ್ನು ಬಟನಿಂಗ್ ಎನ್ನುತ್ತಾರೆ. ಚಳಿ, ಸಾರಜನಕದ ಕೊರತೆ ಇವೂ ಕಾರಣ ಆಗುತ್ತವೆ. ಆದರೆ ಇಕ್ಕಟ್ಟಾದ ಬೇರು ಅದರಲ್ಲಿ ದೊಡ್ಡ ಕಾರಣ.

ಇನ್ನು ಲೀಟರ್ ಲೆಕ್ಕಕ್ಕೆ ಬರೋಣ. ಗಿಡದ ಎತ್ತರ ನೋಡಿ ಕುಂಡ ಆರಿಸುವುದನ್ನು ನಾನು ಒಪ್ಪುವುದಿಲ್ಲ. ನೀರು ನೋಡಿ ಆರಿಸಬೇಕು. ಕುಂಡಕ್ಕೆ ತುಂಬುವ ಒಳ್ಳೆ ಮಣ್ಣಿನ ಮಿಶ್ರಣದಲ್ಲಿ, ಗಿಡ ಸುಲಭವಾಗಿ ಎಳೆದುಕೊಳ್ಳಬಲ್ಲ ನೀರು ಒಟ್ಟು ಗಾತ್ರದ ಹೆಚ್ಚುಕಡಿಮೆ ಕಾಲು ಭಾಗ ಅಂತ ಇಟ್ಟುಕೊಳ್ಳಿ. 10 ಲೀಟರಿನ ಕುಂಡದಲ್ಲಿ ಅದು ಎರಡೂವರೆ ಲೀಟರ್. ಕಾಯಿ ತುಂಬಿದ ಟೊಮೇಟೊ ಗಿಡ ಒಂದು ಬಿಸಿ ದಿನದಲ್ಲಿ ಎರಡು ಲೀಟರ್ ಕುಡಿಯುವುದು ಮಾಮೂಲು. ಗಾಳಿ ಜೋರಿದ್ದರೆ ಇನ್ನೂ ಜಾಸ್ತಿ. ಅಂದರೆ 10 ಲೀಟರಿನ ಕುಂಡ ಸಂಜೆಯವರೆಗೆ ತಡೆದರೆ ತಡೆಯಿತು, ಇಲ್ಲದಿದ್ದರೆ ಇಲ್ಲ. 5 ಲೀಟರಿನದು ಮಧ್ಯಾಹ್ನಕ್ಕೇ ಬಾಡುತ್ತದೆ. 20 ಲೀಟರಿನಲ್ಲಿ ಐದು ಲೀಟರ್ ಕೈಯಲ್ಲಿದೆ. ಒಂದು ದಿನ ನೀವು ಬರುವುದು ತಡವಾದರೂ ಗಿಡಕ್ಕೆ ಗೊತ್ತಾಗುವುದಿಲ್ಲ. ದಿನಕ್ಕೆ ಒಂದೇ ಸಲ ನೀರು ಅಂದಿರಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ.

ಬಾಡಿದರೆ ಬಾಡಲಿ, ಸಂಜೆ ನೀರು ಹಾಕಿದರೆ ಏಳುತ್ತೆ ಅಲ್ವಾ ಅನ್ನಬಹುದು. ಎಲೆ ಏಳುತ್ತದೆ, ನಿಜ. ಆದರೆ ಕಾಯಿಗೆ ಸುಣ್ಣದಂಶ ಹೋಗುವುದು ನೀರಿನ ಜೊತೆಗೇ. ಒಂದು ಹೊತ್ತು ಒಣಗಿ, ಒಂದು ಹೊತ್ತು ನೆನೆದು ಆದರೆ ಕಾಯಿಯ ತಳದಲ್ಲಿ ಕಂದು ಚುಕ್ಕೆ ಶುರುವಾಗಿ, ಕಪ್ಪಗೆ, ಚರ್ಮದ ಹಾಗೆ ಗಟ್ಟಿಯಾಗಿ ಒಳಗೆ ಕುಸಿಯುತ್ತದೆ. ಸಣ್ಣ ಕುಂಡದ ಟೊಮೇಟೊದಲ್ಲಿ ಇದು ತುಂಬಾ ಸಾಮಾನ್ಯ. ಎಷ್ಟೋ ಜನ ಇದಕ್ಕೆ ಮೊಟ್ಟೆ ಚಿಪ್ಪು ಹಾಕುತ್ತಾರೆ. ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು. ಸಾಮಾನ್ಯವಾಗಿ ಮಣ್ಣಿನಲ್ಲಿ ಸುಣ್ಣ ಇದ್ದೇ ಇರುತ್ತದೆ, ಅದನ್ನು ಹೊತ್ತೊಯ್ಯುವ ನೀರು ಸಮನಾಗಿ ಸಿಗುತ್ತಿರುವುದಿಲ್ಲ.

ಹಾಗಂತ ದೊಡ್ಡದಾದಷ್ಟೂ ಒಳ್ಳೆಯದು ಅಂತಲೂ ಅಲ್ಲ. 2012ರಲ್ಲಿ ಸಸ್ಯವಿಜ್ಞಾನಿ ಹೆಂಡ್ರಿಕ್ ಪೂರ್ಟರ್ ಮತ್ತು ಜೊತೆಗಾರರು ಕುಂಡದ ಗಾತ್ರದ ಬಗ್ಗೆ ಆಗಿದ್ದ 65 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕುಂಡದ ಗಾತ್ರ ಎರಡು ಪಟ್ಟು ಮಾಡಿದರೆ ಗಿಡದ ತೂಕ ಸರಾಸರಿ ಶೇಕಡಾ 43ರಷ್ಟು ಹೆಚ್ಚಿತು. ಮಣ್ಣು ಎರಡು ಪಟ್ಟು ಆದರೂ ಗಿಡ ಎರಡು ಪಟ್ಟು ಆಗಲಿಲ್ಲ, ನೋಡಿ. ಅದು ಬೇರೆ ಬೇರೆ ಜಾತಿಯ ಗಿಡಗಳ ಸರಾಸರಿ, ಗಿಡ್ಡ ಟೊಮೇಟೊಗೆ ಅದೇ ಅಂಕಿ ಅಂತ ಹಿಡಿಯಬೇಡಿ. ಆದರೂ ದಿಕ್ಕು ತಿಳಿಯುತ್ತದೆ. 5ರಿಂದ 20ಕ್ಕೆ ಹೋದರೆ ಕಣ್ಣಿಗೆ ಕಾಣುವ ಲಾಭ. 20ರಿಂದ 40ಕ್ಕೆ ಹೋಗುವುದು ಈ ಗಿಡದ ಮಟ್ಟಿಗೆ ಸುಮ್ನೆ ಮಣ್ಣು ಹೊತ್ತ ಹಾಗೆ. ಬೇರು ಅದನ್ನೆಲ್ಲ ತುಂಬುವಷ್ಟರಲ್ಲಿ ಗಿಡದ ಆಯಸ್ಸೇ ಮುಗಿದಿರುತ್ತದೆ.

ಈಗ ಕೊಳೆಯುವ ವಿಷಯ. ಅದನ್ನು ಹೇಳಿದವರು ಸುಳ್ಳು ಹೇಳಿಲ್ಲ. ಸಣ್ಣ ಸಸಿಯ ಬೇರು ಇರುವುದು ಒಂದು ಹಿಡಿ ಮಣ್ಣಿನಲ್ಲಿ. ಉಳಿದ ಹತ್ತೊಂಬತ್ತು ಲೀಟರ್ ಮಣ್ಣಿನ ನೀರನ್ನು ಕುಡಿಯುವವರೇ ಇಲ್ಲ. ದಿನಾ ಕುಂಡ ತುಂಬ ನೀರು ಹುಯ್ದರೆ ಅದು ಹುಳಿ ವಾಸನೆ ಹಿಡಿಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಆದರೆ ಇದು ನೀರು ಹಾಕುವ ಕ್ರಮದಿಂದ ಬರುವ ತೊಂದರೆ. ಕುಂಡ ದೊಡ್ಡದಾದದ್ದು ತಪ್ಪಲ್ಲ. ನೆಡುವ ಹಿಂದಿನ ದಿನವೇ ಮಿಶ್ರಣ ಪೂರ್ತಿ ನೆನೆಸಿ, ಚೆನ್ನಾಗಿ ಬಸಿಯಲು ಬಿಡಿ. ನೆಟ್ಟ ಮೇಲೆ ಸಸಿಯ ಸುತ್ತ ಒಂದು ಅಂಗೈ ಅಗಲದ ವೃತ್ತದಲ್ಲಿ ಮಾತ್ರ ನೀರು ಹಾಕಿ. ವಾರ ಕಳೆದಂತೆ ವೃತ್ತ ಅಗಲ ಮಾಡುತ್ತಾ ಹೋಗಿ. ಎಲೆಗಳು ಹರಡಿದಷ್ಟು ಅಗಲಕ್ಕೆ ನೀರು ಅಂತ ನೆನಪಿಟ್ಟುಕೊಂಡರೆ ಸಾಕು. ಬೇರು ಹಸಿ ಹುಡುಕಿಕೊಂಡು ಹೊರಗೆ ಹೋಗುತ್ತದೆ. ಗಿಡ ಮೊಣಕಾಲೆತ್ತರ ಆಗುವ ಹೊತ್ತಿಗೆ ಪೂರ್ತಿ ಕುಂಡಕ್ಕೆ ನೀರು ಹಾಕುತ್ತಿರುತ್ತೀರಿ.

ನೆಡುವುದು ಸಂಜೆ ಮಾಡಿ. ಒಂದು ಗಂಟೆ ಮುಂಚೆ ಲೋಟಕ್ಕೆ ನೀರು ಹಾಕಿರಿ, ಮಣ್ಣಿನ ಹೆಂಟೆ ಒಡೆಯುವುದಿಲ್ಲ. ಪೇಪರ್ ಲೋಟ ತಾನೇ ಕರಗುತ್ತೆ ಎಂದು ಹಾಗೇ ಹೂಳಬೇಡಿ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಬೇರು ಅದನ್ನು ದಾಟುವುದಿಲ್ಲ. ಕತ್ತರಿಯಲ್ಲಿ ಉದ್ದಕ್ಕೆ ಸೀಳಿ ಬಿಚ್ಚಿ ತೆಗೆಯಿರಿ. ಬೀಜದೆಲೆಯವರೆಗೆ (ಮೊಳಕೆಯಲ್ಲಿ ಮೊದಲು ಬರುವ ಎರಡು ಎಲೆ) ಕಾಂಡ ಮುಚ್ಚುವಷ್ಟು ಆಳಕ್ಕೆ ಇಡಿ. ಟೊಮೇಟೊ ಕಾಂಡದಿಂದಲೂ ಬೇರು ಬಿಡುತ್ತದೆ. ಆ ಅವಕಾಶ ಬಿಡಬಾರದು. ಎರಡು ಮೂರು ದಿನ ಸ್ವಲ್ಪ ನೆರಳು ಕೊಟ್ಟು ಆಮೇಲೆ ಬಿಸಿಲಿಗೆ ಸರಿಸಿ.

ಮೇಲ್ಮಾಳಿಗೆ:

ಹಳೇಕುಂಡ ಅವರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಎರಡು ಕಡೆ ಬೇರೆ ಮಾತಿದೆ.

ಮೊದಲನೆಯದು, ಹಂತ ಹಂತವಾಗಿ ಬದಲಿಸುವ ಪದ್ಧತಿಯನ್ನು ಪೂರ್ತಿ ತಳ್ಳಿಹಾಕಬೇಡಿ. ಮೆಣಸಿನಕಾಯಿ ಗಿಡ ಮೂಲತಃ ಹಲವು ವರ್ಷ ಬದುಕುವ ಗಿಡ. ನಾನು ಅದನ್ನು ಲೋಟದಿಂದ 2 ಲೀಟರಿಗೆ, ಅಲ್ಲಿಂದ 10ಕ್ಕೆ ಅಂತ ಬದಲಿಸುತ್ತೇನೆ. ಪ್ರತಿ ಸಲವೂ ಬೇರು ಒತ್ತಾಗಿ ಕವಲೊಡೆದಿರುತ್ತದೆ, ಗಿಡ ಗಟ್ಟಿಯಾಗುತ್ತದೆ. ಬದನೆಯೂ ಹಾಗೇ ಸಹಿಸಿಕೊಳ್ಳುತ್ತದೆ. ಬೇರು ಮುಟ್ಟಿದರೆ ಆಗದವು ಬೇರೆ ಇವೆ: ಸೌತೆ, ಕುಂಬಳ, ಹೀರೆ, ಹುರುಳಿಕಾಯಿ. ಇವುಗಳ ಬೀಜವನ್ನು ಕೊನೆಯ ಕುಂಡಕ್ಕೇ ಹಾಕುವುದು ಕ್ಷೇಮ. ಟೊಮೇಟೊ ನಾಟಿಗೆ ಅಂಜುವ ಗಿಡವೇ ಅಲ್ಲ. ಗಿಡ್ಡ ಜಾತಿಗೆ ಒಂದು ಸಲ ಬದಲಿಸಿದರೆ ಏನೂ ಆಗುವುದಿಲ್ಲ. ಎರಡು ಮೂರು ಸಲ ಬದಲಿಸುತ್ತಾ ಕಾಲ ಕಳೆಯಬಾರದು, ಅಷ್ಟೇ.

ಎರಡನೆಯದು, 10 ಲೀಟರ್ ಸಾಲದು ಎಂಬ ಮಾತು. ತಳದಲ್ಲಿ ನೀರಿನ ತೊಟ್ಟಿ ಇರುವ ಕುಂಡ ಮಾಡಿಕೊಂಡರೆ ಸಾಕಾಗುತ್ತದೆ. ನನ್ನದು ಹೀಗಿದೆ: ಕೆಳಗೆ ಒಂದು ಬಕೆಟ್, ಅದರೊಳಗೆ ಕೂರುವ ಇನ್ನೊಂದು ಬಕೆಟ್. ಮೇಲಿನ ಬಕೆಟಿನ ತಳದ ನಡುವೆ ತೂತು, ಅದರಲ್ಲಿ ಮಿಶ್ರಣ ತುಂಬಿದ ಸಣ್ಣ ಡಬ್ಬಿ ನೀರಿಗೆ ಇಳಿದಿರುತ್ತದೆ. ಅದರ ಮೂಲಕ ನೀರು ಬೇಕಾದಷ್ಟೇ ಮೇಲಕ್ಕೆ ಏರುತ್ತದೆ. ಕೆಳಗಿನ ಬಕೆಟಿನ ಪಕ್ಕದಲ್ಲಿ, ಮೇಲಿನ ಬಕೆಟಿನ ತಳಕ್ಕಿಂತ ಸ್ವಲ್ಪ ಕೆಳಗೆ, ಹೆಚ್ಚಾದ ನೀರು ಹೋಗಲು ಒಂದು ತೂತು ಇರಲೇಬೇಕು. ಮೂರು ನಾಲ್ಕು ಲೀಟರ್ ತುಂಬಿಟ್ಟರೆ 10 ಲೀಟರ್ ಮಣ್ಣಿನಲ್ಲೂ ಗಿಡ ನಿಶ್ಚಿಂತೆಯಾಗಿ ಇರುತ್ತದೆ. ತೊಂದರೆ ಒಂದೇ. ನೀರು ಕೆಳಗಿಂದ ಮೇಲಕ್ಕೇ ಹೋಗುವುದರಿಂದ ಗೊಬ್ಬರದ ಉಪ್ಪು ಮೇಲ್ಮಣ್ಣಿನಲ್ಲಿ ಬಿಳಿಯಾಗಿ ಕೂರುತ್ತದೆ. ಆಗಾಗ ಮೇಲಿಂದ ಚೆನ್ನಾಗಿ ನೀರು ಹುಯ್ದು ತೊಳೆದು, ತೊಟ್ಟಿ ಖಾಲಿ ಮಾಡಬೇಕು.

ಗ್ರೋ ಬ್ಯಾಗ್ ಪ್ಲಾಸ್ಟಿಕ್ಕಿನದಾ, ಬಟ್ಟೆಯದಾ ಅಂತ ಹೇಳಿಲ್ಲ ನೀವು. ಬಟ್ಟೆಯದಾದರೆ ಬೇರು ಅಂಚಿಗೆ ಬಂದು ಗಾಳಿ ತಾಗಿ ತುದಿ ಒಣಗುತ್ತದೆ, ಹಿಂದಿನಿಂದ ಕವಲು ಒಡೆಯುತ್ತದೆ. ಸುತ್ತಿಕೊಳ್ಳುವ ಬೇರು ಕಡಿಮೆ. ಆದರೆ ನಾಲ್ಕೂ ಕಡೆಯಿಂದ ಒಣಗುತ್ತದೆ. ಬಟ್ಟೆಯ 20 ಲೀಟರ್ ಅಂದರೆ ನೀರಿನ ಲೆಕ್ಕದಲ್ಲಿ ಪ್ಲಾಸ್ಟಿಕ್ಕಿನ 15 ಇದ್ದ ಹಾಗೆ ಅಂತ ನಾನು ಹಿಡಿಯುತ್ತೇನೆ. ಇದು ನನ್ನ ಅಂದಾಜು ಅಷ್ಟೇ.

ಎರೆಮಣ್ಣು:

ಎಲ್ಲರೂ ಲೀಟರ್ ಲೀಟರ್ ಅನ್ನುತ್ತಿದ್ದೀರಿ. ಕುಂಡದ ಮೇಲೆ ಬರೆದ ಲೀಟರನ್ನು ನಂಬಬೇಡಿ ಅನ್ನುವುದಕ್ಕೆ ಬಂದೆ.

12 ಇಂಚಿನ ಕುಂಡ ಅಂದರೆ ಮೇಲಿನ ಬಾಯಿ 12 ಇಂಚು. ನೇರ ಗೋಡೆ ಇದ್ದು 12 ಇಂಚು ಎತ್ತರವೂ ಇದ್ದರೆ ಅದರಲ್ಲಿ ಸುಮಾರು 22 ಲೀಟರ್ ಹಿಡಿಯುತ್ತದೆ. ಆದರೆ ತಳ 9 ಇಂಚಿಗೆ ಕಿರಿದಾಗಿ, ಎತ್ತರ 11 ಇಂಚು ಇದ್ದರೆ 16 ಲೀಟರ್ ಕೂಡ ಬರುವುದಿಲ್ಲ. ಅದರ ಮೇಲೆ ನೀರು ನಿಲ್ಲಲಿ ಎಂದು ಅಂಚಿನಿಂದ ಎರಡು ಇಂಚು ಬಿಡುತ್ತೀರಿ. ಬಾಯಿಯ ಹತ್ತಿರವೇ ಕುಂಡ ಅಗಲ ಇರುವುದರಿಂದ ಅಲ್ಲೇ ಮೂರೂವರೆ ಲೀಟರ್ ಹೋಯಿತು. ಕೊನೆಗೆ ಉಳಿದದ್ದು 12 ಲೀಟರ್. ತೂತಿಗೆ ಟೇಪ್ ಅಂಟಿಸಿ, ಒಂದು ಲೀಟರಿನ ಬಾಟಲಿಯಲ್ಲಿ ನೀರು ಅಳೆದು ಹುಯ್ದು ನೋಡಿ. ಐದು ನಿಮಿಷದ ಕೆಲಸ.

ಇನ್ನೊಂದು, ಮಿಶ್ರಣ ಕುಸಿಯುತ್ತದೆ. ಗ್ರೋ ಬ್ಯಾಗ್ ಅಂಚಿನವರೆಗೆ ತುಂಬಿದ್ದು ನಾಲ್ಕು ಸಲ ನೀರು ಕಂಡ ಮೇಲೆ ಮೂರು ನಾಲ್ಕು ಬೆರಳು ಕೆಳಗಿಳಿದಿರುತ್ತದೆ. ತುಂಬಿ, ನೀರು ಹಾಕಿ, ಕುಸಿದ ಮೇಲೆ ಮತ್ತೆ ತುಂಬಿ. ಆಮೇಲೆ ನೆಡಿ. ಗಿಡ ನೆಟ್ಟ ಮೇಲೆ ಕುಸಿದರೆ ಟೊಮೇಟೊಗೆ ಪರವಾಗಿಲ್ಲ, ಕಾಂಡದ ಸುತ್ತ ಏರಿಸಬಹುದು. ಎಲ್ಲ ಗಿಡಕ್ಕೂ ಹಾಗೆ ಮಾಡಲಾಗದು.

ತೂಕವನ್ನೂ ಯೋಚಿಸಿ. ಬರೀ ತೋಟದ ಮಣ್ಣು ತುಂಬಿ ನೆನೆಸಿದರೆ 20 ಲೀಟರಿನ ಬ್ಯಾಗ್ 30 ಕಿಲೋ ದಾಟುತ್ತದೆ. ಅದರ ಜೊತೆಗೆ ತೋಟದ ಮಣ್ಣು ಕುಂಡದಲ್ಲಿ ಗಟ್ಟಿ ಕೂತು ಬೇರಿಗೆ ಗಾಳಿ ಇಲ್ಲದಂತಾಗುತ್ತದೆ. ತೊಳೆದು ಉಪ್ಪು ತೆಗೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಕಾಂಪೋಸ್ಟ್, ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಹರಳು) ಅಥವಾ ದಪ್ಪ ಮರಳು ಇದ್ದರೆ ಹಗುರವೂ ಹೌದು, ಬೇರಿಗೂ ಸುಖ. ಯಾವ ಕಾರಣಕ್ಕೂ ಈ ತೂಕವನ್ನು ರೇಲಿಂಗ್ ಮೇಲೆ ನೇತು ಹಾಕಬೇಡಿ. ಗೋಡೆಯ ಪಕ್ಕ ನೆಲದ ಮೇಲೆ ಇಡಿ.

ಕಿಟಕಿತೋಟ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಬ್ಯಾಗ್ ಪ್ಲಾಸ್ಟಿಕ್ಕಿನದೇ. ಇವತ್ತೇ ಮಿಶ್ರಣ ಕಲೆಸಲು ಶುರು ಮಾಡುತ್ತೇನೆ.

ಇನ್ನು ಕೆಲವು ಸಂಶಯ. 20 ಲೀಟರಿನ ಬ್ಯಾಗ್ ನಾಲ್ಕೇ ಇವೆ, ಸಸಿ ಏಳು. ಒಂದರಲ್ಲಿ ಎರಡು ನೆಟ್ಟರೆ? 5 ಲೀಟರಿನ ಬಕೆಟ್‌ಗಳಲ್ಲಿ ಬೇರೆ ಏನಾದರೂ ಹಾಕಬಹುದಾ? ಮತ್ತೆ, ತಳದಲ್ಲಿ ಜಲ್ಲಿ ಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತೆ ಅಂತಾರೆ, ಹಾಕಲಾ?

ಹಳೇಕುಂಡ:

ಕಲ್ಲು ಬೇಡ. ಇದನ್ನು ನಂಬುವವರು ಎಷ್ಟು ಜನ ಇದ್ದಾರೋ! ಯಾಕೆ ಬೇಡ ಅಂತ ನಿಮ್ಮ ಕಣ್ಣಾರೆ ನೋಡಬಹುದು. ಪಾತ್ರೆ ತೊಳೆಯುವ ಚೌಕಾಕಾರದ ಸ್ಪಂಜನ್ನು ಚೆನ್ನಾಗಿ ನೆನೆಸಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಹಿಂಡದೆ ಅದನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ತೊಟ್ಟಿಕ್ಕುತ್ತದೆ. ಸ್ಪಂಜು ಅದೇ, ಗಾತ್ರ ಅದೇ, ಎತ್ತರ ಮಾತ್ರ ಹೆಚ್ಚಾಯಿತು. ಯಾವ ಮಿಶ್ರಣವೇ ಆಗಲಿ, ತಳದಲ್ಲಿ ಇಷ್ಟು ಎತ್ತರದವರೆಗೆ ನೀರು ಬಿಡದೆ ಹಿಡಿದುಕೊಳ್ಳುತ್ತದೆ. ಆ ಎತ್ತರ ಮಿಶ್ರಣದ ಕಣ ಎಷ್ಟು ದಪ್ಪ ಎಂಬುದರ ಮೇಲೆ ನಿಂತಿದೆ. ಕುಂಡ ಎಷ್ಟು ದೊಡ್ಡದು ಎಂಬುದರ ಮೇಲೆ ಅಲ್ಲ. ಕಲ್ಲು ಹಾಕಿದರೆ ಆ ಒದ್ದೆ ಪದರ ಕಲ್ಲಿನ ಮೇಲಕ್ಕೆ ಬಂದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಮೇಲಿಂದ ಎರಡು ಮೂರು ಲೀಟರ್ ಜಾಗವೂ ನಷ್ಟ. ತೂತಿನ ಮೇಲೆ ಒಂದು ತುಂಡು ಜಾಲರಿ ಇಟ್ಟರೆ ಸಾಕು.

ಇದೇ ಕಾರಣಕ್ಕೆ ಲೀಟರಿನಷ್ಟೇ ಆಳವೂ ಮುಖ್ಯ. 20 ಲೀಟರ್ ಇದ್ದರೂ ಆರೇ ಇಂಚು ಆಳದ ಅಗಲ ಟ್ರೇ ಆದರೆ, ಒದ್ದೆ ಪದರ ಬಿಟ್ಟು ಬೇರಿಗೆ ಉಳಿಯುವುದು ತೀರಾ ಕಡಿಮೆ. ಟೊಮೇಟೊಗೆ ಮಿಶ್ರಣದ ಆಳ ಹತ್ತರಿಂದ ಹನ್ನೆರಡು ಇಂಚು ಇರಲಿ.

ಒಂದು ಬ್ಯಾಗಿನಲ್ಲಿ ಎರಡು ಗಿಡ ಬೇಡ. ಮೊದಲ ತಿಂಗಳು ಚೆಂದ ಕಾಣುತ್ತದೆ. ಕಾಯಿ ಹಿಡಿಯುವಾಗ ಎರಡೂ ಸೇರಿ ದಿನಕ್ಕೆ ನಾಲ್ಕು ಲೀಟರ್ ಕುಡಿಯುತ್ತವೆ, ತಡವಾದ ದಿನಕ್ಕೆ ಅಂತ ಇದ್ದ ನೀರಿನ ಉಳಿಕೆ ಪೂರ್ತಿ ಹೋಗುತ್ತದೆ. ಎಲೆ ಒತ್ತಾಗಿ ಗಾಳಿ ಆಡುವುದಿಲ್ಲ, ಎಲೆಚುಕ್ಕೆ ರೋಗಕ್ಕೆ ಹಾದಿ. ಏಳರಲ್ಲಿ ಗಟ್ಟಿಯಾದ ನಾಲ್ಕು ಸಸಿ ಆರಿಸಿ: ಕಾಂಡ ದಪ್ಪ, ಗೆಣ್ಣು ಹತ್ತಿರ ಹತ್ತಿರ, ಎಲೆ ಕಡು ಹಸಿರು. ಎತ್ತರದ ಸಸಿಗೆ ಮರುಳಾಗಬೇಡಿ. ಉಳಿದದ್ದರಲ್ಲಿ ಒಂದೆರಡನ್ನು ಮೇಲ್ಮಾಳಿಗೆ ಅವರು ಹೇಳಿದ ತೊಟ್ಟಿ ಕುಂಡದಲ್ಲಿ, ನಿಮ್ಮ 10 ಲೀಟರಿನದರಲ್ಲಿ ಹಾಕಿ. ಅವರ ಮಾತು ನನಗೆ ಒಪ್ಪಿಗೆ. ನೀರು ಎಲ್ಲಿಂದಾದರೂ ಬರಲಿ, ತಪ್ಪದೆ ಬಂದರೆ ಆಯಿತು. 10 ಲೀಟರಿನ ಗಿಡಕ್ಕೆ ಗೊಬ್ಬರ ಮಾತ್ರ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡಬೇಕು. ಕಡಿಮೆ ಮಣ್ಣಿನಲ್ಲಿ ಸತ್ವ ಬೇಗ ಖಾಲಿ.

ಕಪ್ಪು ಪ್ಲಾಸ್ಟಿಕ್ ಅಂದಿರಲ್ಲ, ಅದರ ಬಿಸಿಲಿನ ಕಡೆಯ ಗೋಡೆಗೆ ಮಧ್ಯಾಹ್ನ ಕೈ ಇಟ್ಟು ನೋಡಿ. ಬಿರು ಬಿಸಿಲಿನಲ್ಲಿ ಗೋಡೆಗೆ ಅಂಟಿದ ಮಣ್ಣು 45 ಡಿಗ್ರಿ ದಾಟಬಹುದು. ಆ ಕಡೆಯ ಎಳೆ ಬೇರು ಸುಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ 10 ಲೀಟರಿನ ಕುಂಡ 7 ಲೀಟರಿನ ಕೆಲಸ ಮಾಡುತ್ತದೆ. ಬಿಳಿ ಬಟ್ಟೆ ಸುತ್ತಿ, ಇಲ್ಲವೇ ಬಿಸಿಲಿನ ಕಡೆಗೆ ಇನ್ನೊಂದು ಕುಂಡ ಅಡ್ಡ ಇಡಿ. ಮೇಲ್ಮಣ್ಣಿಗೆ ಒಣ ಎಲೆಯ ಹೊದಿಕೆ ಹಾಕಿ.

5 ಲೀಟರಿನ ಬಕೆಟ್ ದಂಡ ಅಲ್ಲ. ಮೈಕ್ರೋ ಡ್ವಾರ್ಫ್ ಎನ್ನುವ ಪುಟಾಣಿ ಟೊಮೇಟೊ ಜಾತಿಗಳಿವೆ. ಮೈಕ್ರೋ ಟಾಮ್ ಎಂಬುದನ್ನು 1989ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯ ಬಿಡುಗಡೆ ಮಾಡಿತು. ಗಿಡ ಒಂದು ಗೇಣು ಎತ್ತರ ಬಂದರೆ ಹೆಚ್ಚು. ಅದಕ್ಕೆ ಎರಡು ಲೀಟರೂ ಸಾಕು. ಎಷ್ಟು ಪುಟ್ಟದು ಅಂದರೆ ಸಸ್ಯವಿಜ್ಞಾನಿಗಳು ಪ್ರಯೋಗಾಲಯದಲ್ಲೇ ಸಾಲು ಸಾಲಾಗಿ ಬೆಳೆಸುತ್ತಾರೆ. ಅದು ಬೇಡ ಎಂದರೆ ಸೊಪ್ಪು ಹಾಕಿ. ಕೊತ್ತಂಬರಿ ಬೀಜ ಬಕೆಟಿಗೇ ನೇರ ಬಿತ್ತಿ, ಕಿತ್ತು ನೆಡಬೇಡಿ. ಅದಕ್ಕೆ ಉದ್ದ ತಾಯಿಬೇರು. ಬೇರು ಅಲುಗಿದರೆ, ಒಣಗಿದರೆ ಎಲೆ ಬಿಡುವುದು ಬಿಟ್ಟು ಹೂವಿಗೆ ಏರಿಬಿಡುತ್ತದೆ.

ಒಂದು ವಿಷಯ ಕೇಳದಿದ್ದರೂ ಹೇಳುತ್ತೇನೆ. ಕಂಕುಳ ಚಿಗುರು (ಎಲೆ ಕಾಂಡ ಸೇರುವಲ್ಲಿ ಬರುವ ಚಿಗುರು) ಚಿವುಟಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಉದ್ದ ಜಾತಿಗೆ. ಗಿಡ್ಡ ಜಾತಿಯಲ್ಲಿ ಬೆಳೆಯ ದೊಡ್ಡ ಪಾಲು ಬರುವುದೇ ಆ ಪಕ್ಕದ ಕವಲುಗಳಿಂದ. ಚಿವುಟಿದರೆ 20 ಲೀಟರ್ ಕೊಟ್ಟೂ ಪ್ರಯೋಜನ ಇಲ್ಲ. ಮಣ್ಣಿಗೆ ತಾಗುವ ಕೆಳಗಿನ ಎಲೆ ಮಾತ್ರ ತೆಗೆಯಿರಿ. ಕಾಯಿ ತೂಕಕ್ಕೆ ಒಂದು ಕೋಲು ಊರಿ, ನೆಡುವ ದಿನವೇ ಊರಿ. ಆಮೇಲೆ ಊರಿದರೆ ಬೇರು ಹರಿಯುತ್ತದೆ.

ಮೇಲ್ಮಾಳಿಗೆ:

ತೊಟ್ಟಿ ಕುಂಡ ಮಾಡುವುದಾದರೆ ಮೊದಲ ಎರಡು ವಾರ ಕೆಳಗೆ ನೀರು ತುಂಬಬೇಡಿ. ಸಸಿಯ ಬೇರು ಅಷ್ಟು ಕೆಳಗೆ ಇಳಿದಿರುವುದಿಲ್ಲ. ಮೇಲಿಂದಲೇ ವೃತ್ತದಲ್ಲಿ ಹಾಕುತ್ತಾ ಬನ್ನಿ. ಗಿಡ ಹಿಡಿದುಕೊಂಡು ಹೊಸ ಎಲೆ ಬೇಗ ಬೇಗ ಬಿಡಲು ಶುರು ಮಾಡಿದ ಮೇಲೆ ತೊಟ್ಟಿ ತುಂಬಿ. ಸೊಳ್ಳೆ ಮೊಟ್ಟೆ ಇಡದಂತೆ ನೀರು ಹುಯ್ಯುವ ಬಾಯಿಗೂ, ಹೆಚ್ಚಿನ ನೀರು ಹೋಗುವ ತೂತಿಗೂ ಜಾಲರಿ ಕಟ್ಟಿ.

ಕಿಟಕಿತೋಟ:

ಸರಿ, ನಾಲ್ಕು ಗಿಡ 20 ಲೀಟರಿನ ಬ್ಯಾಗಿಗೆ, ಎರಡು ತೊಟ್ಟಿ ಕುಂಡಕ್ಕೆ. ಏಳನೆಯದನ್ನು 5 ಲೀಟರಿನ ಬಕೆಟ್‌ನಲ್ಲೇ ಇಟ್ಟು ವ್ಯತ್ಯಾಸ ನೋಡೋಣ ಅಂದುಕೊಂಡಿದ್ದೇನೆ. ಅಳತೆ ಸರಿ ಇತ್ತಾ ಇಲ್ವಾ ಅಂತ ಕೊನೆಗೆ ಗೊತ್ತಾಗುವುದು ಹೇಗೆ? ಬರೀ ಹಣ್ಣಿನ ತೂಕ ನೋಡಿದರೆ ಸಾಕಾ?

ಹಳೇಕುಂಡ:

ಏಳನೆಯದನ್ನು ಹಾಗೆ ಇಡುವುದು ಒಳ್ಳೆ ಯೋಚನೆ. ತೂಕ ಬರೆದಿಡಿ. ಆದರೆ ಬೆಳೆ ಮುಗಿದು ಗಿಡ ಒಣಗಿದ ಮೇಲೆ ಬ್ಯಾಗ್ ಮಗುಚಿ, ಮಣ್ಣಿನ ಹೆಂಟೆಯನ್ನು ನಡುವೆ ಕತ್ತರಿಸಿ ನೋಡಿ. ಅಂಚಿನ ಸುತ್ತ ಬೇರು ಚಾಪೆಯಂತೆ ಹೆಣೆದುಕೊಂಡಿದ್ದು ಒಳಗೆ ಮಣ್ಣೇ ಕಾಣದಿದ್ದರೆ ಕುಂಡ ಸಣ್ಣದಾಯಿತು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಬೇರೇ ಇಲ್ಲದೆ ಮಣ್ಣು ಒದ್ದೆಯಾಗಿ ವಾಸನೆ ಬರುತ್ತಿದ್ದರೆ, ಒಂದೋ ದೊಡ್ಡದಾಯಿತು, ಇಲ್ಲವೇ ನೀರು ಜಾಸ್ತಿಯಾಯಿತು. ಬೇರು ತಳದವರೆಗೂ ಹೋಗಿ, ಅಂಚಿನಲ್ಲಿ ಆಗಷ್ಟೇ ತಿರುಗಲು ಶುರು ಮಾಡಿದ್ದರೆ ನಿಮ್ಮ ಬಿಸಿಲಿಗೆ, ನಿಮ್ಮ ನೀರಿಗೆ, ಆ ಜಾತಿಗೆ ಅದೇ ಸರಿಯಾದ ಅಳತೆ. ಮೂರೂ ಥರದ್ದರ ಫೋಟೋ ತೆಗೆದು ಇಲ್ಲೇ ಹಾಕಿ, ನೋಡೋಣ.